ಅಕ್ಕ ಲಂಡನ್ನಿಗೆ ಹೋಗಿ ಬಂದದ್ದು

ಮಾನ್ಯ ಅಧ್ಯಕ್ಷರಾದ ಪ್ರಲ್ಹಾದರಾಯರೇ, ಹಾರದ ಭಾರಕ್ಕೆ ಬಾಗಿ ಕುಳಿತಿರುವ ಇಂದಿನ ಸತ್ಕಾರಮೂರ್ತಿಗಳಾದ ನನ್ನ ಭಾವ ಬಸವಪ್ರಭು ಅವರೇ, ನನ್ನ ಅಕ್ಕ ತ್ರಿವೇಣಿಯವರೇ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನನ್ನ ಅಣ್ಣ ನಿಜಲಿಂಗಪ್ಪನವರೇ, ಮತ್ತು ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದ ಸಹನಶೀಲ ಸಭಿಕರೇ,

ನಾನು ದೌಂಡದ ರೈಲ್ವೆ ಗುಮಾಸ್ತ. ದೌಂಡ ಎಂದರೆ ಎಲ್ಲ ಗಾಡಿಗಳೂ ನಿಲ್ಲುವ, ಚಹಾಕ್ಕಲ್ಲದೆ ಯಾರೂ ಇಳಿಯದ ಊರು. ಅಂಥ ಊರಿನವನನ್ನು ಕರೆದು ಲಂಡನ್ ಪ್ರವಾಸದ ಬಗ್ಗೆ ಮಾತಾಡಿ ಎಂದಿದ್ದೀರಿ. ಕಾರಣ ನನಗೆ ಗೊತ್ತು. ನಮ್ಮ ಮನೆತನದಲ್ಲಿ ಪ್ರಾಸ ಕಟ್ಟುವವನು ನಾನೊಬ್ಬನೇ. ಬೇಸಿಗೆಯಲ್ಲಿ ಇದೇ ಸಭಾಗೃಹದಲ್ಲಿ ಇವರನ್ನು ಬೀಳ್ಕೊಟ್ಟಾಗ ನಾನು ಓದಿದ್ದು ನಿಮಗೆ ನೆನಪಿರಬಹುದು:

ಬಿಜಾಪುರದ ರೊಟ್ಟಿ ಕಟ್ಟಿ,
ಲಂಡನ್ನಿನ ಬಾಗಿಲು ತಟ್ಟಿ,
ಮರಳಿ ಬರಲಿ ಜೋಡಿ, ಗಟ್ಟಿಮುಟ್ಟಿ!

ಚಪ್ಪಾಳೆ ತಟ್ಟಿದಿರಿ. ಪ್ರಾಸಕ್ಕೆ ಚಪ್ಪಾಳೆ ಸಿಗುತ್ತದೆ, ಅರ್ಥವನ್ನು ಯಾರು ಕೇಳುತ್ತಾರೆ?

ಅಂದಿನ ಸಂಭ್ರಮವನ್ನು ನೆನೆಯಿರಿ. ಭಾವ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ, ಅಕ್ಕ ಕನ್ನಡ ಶಾಲೆಯಿಂದ, ಒಂದೇ ತಿಂಗಳಲ್ಲಿ ನಿವೃತ್ತರಾಗಿದ್ದರು. ಜೀವನವಿಡೀ ಅವರ ಪ್ರವಾಸವೆಂದರೆ ಪುಣೆಯ ಧನಕವಡಿಯ ಮನೆಯಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವುದು. ಈಗ ಯೂರೋಪು! ಬಿಜಾಪುರದಿಂದ ಬಳಗ ಟೆಂಪೋ ತುಂಬಿಕೊಂಡು ಬಂತು. ಶೇಂಗಾ ಚಟ್ನಿ ಬಂತು, ಕರದಂಟು ಬಂತು, ಬುದ್ಧಿವಾದ ಬಂತು. "ರಾಣಿ ಎದುರಿಗೆ ಬಂದ್ರ ನಮಸ್ಕಾರ ಮಾಡ್ರಿ, ಕಾಲು ಮುಟ್ಟಬ್ಯಾಡ್ರಿ, ಅಕಿ ಬ್ಯಾರೆ ಜಾತಿ," ಎಂದರು ಒಬ್ಬ ಹಿರಿಯರು. ಅಲ್ಲೇ ಕುಳಿತು ನಗುತ್ತಿದ್ದಾರೆ, ನೋಡಿ.

ಮತ್ತು ನಮ್ಮ ಅವ್ವ. ಯೆರವಡಾದಲ್ಲಿ ಅಣ್ಣನ ಮನೆಯಲ್ಲಿದ್ದ ಶಿವಗಂಗವ್ವ. ಆ ಓಣಿಯ ಮೇಲೆ ಲೋಹಗಾಂವದ ವಿಮಾನಗಳು ಹಾರುತ್ತವೆ. ಅಕ್ಕ ಹೊರಟ ದಿನದಿಂದ ಸದ್ದಾದರೆ ಸಾಕು, ಅವ್ವ ಅಂಗಳಕ್ಕೆ ಬಂದು ಕೈ ಬೀಸುತ್ತಿದ್ದಳು. "ಅವ್ವಾ, ಅದು ಮಿಲ್ಟ್ರಿ ವಿಮಾನ ಅದ," ಎಂದು ಅಣ್ಣ ಹೇಳಿದರೆ, "ಇರಲಿ ಬಿಡೋ, ಅದಕ್ಕೂ ಯಾರರ ತಾಯಿ ಇರ್ತಾಳ," ಎನ್ನುತ್ತಿದ್ದಳಂತೆ. ಹಾಗೆ ಒಂದು ಮಧ್ಯಾಹ್ನ ಕೈ ಬೀಸಲು ಬಂದವಳು ಕಟ್ಟೆಯ ಮೇಲೆ ಕುಳಿತಳು. ಮತ್ತೆ ಏಳಲಿಲ್ಲ.

ಇದು ಸಂತೋಷದ ಸಮಾರಂಭ. ಇದನ್ನು ಹೇಳಬಾರದಿತ್ತು. ಆದರೆ ಈಗ ತಾನೇ ಹೊರಗೆ ನಳದ ಹತ್ತಿರ ಕೈ ತೊಳೆಯುವಾಗ ಒಂದು ಮಾತು ಕಿವಿಗೆ ಬಿತ್ತು. "ತಾಯಿ ಸತ್ರೂ ಲಂಡನ್ ಬಿಟ್ಟು ಬರಲಿಲ್ಲ ನೋಡ್ರಿ. ಒಂದು ಫೋನರ ಮಾಡಲಿಲ್ಲ. ಎದೀ ಅಲ್ಲ ಅದು, ಕಲ್ಲು." ಯಾರು ಅಂದರೆಂದು ಹೇಳುವುದಿಲ್ಲ. ಅಣ್ಣನಿಗೂ ಆ ಮಾತು ಹೊಸದಲ್ಲ.

ಸಭಿಕರೇ, ನನ್ನ ಅಕ್ಕ ಕಲ್ಲೇ? ನನ್ನ ಮೂಗು ಒರೆಸಿ, ಮಗ್ಗಿ ಕಲಿಸಿ, ಬಿ.ಎ. ಮುಗಿಯುವ ತನಕ ತನ್ನ ಪಗಾರದಲ್ಲಿ ನನಗೆ ಅಂಗಿ ಹೊಲಿಸಿದವಳು ಕಲ್ಲೇ? ಬಾಬು ಬಂದು ಸುದ್ದಿ ಹೇಳಿದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು, ಒಳಕೋಣೆಯ ಕದದ ಹಿಂದೆ ಗೋಡೆಗೆ ಹಣೆ ಒತ್ತಿ ನಿಂತವಳು ಕಲ್ಲೇ?

ನೀರು ಕೊಡ್ರಿ ಸ್ವಲ್ಪ.

ನೀವೆಲ್ಲ ಯಾಕೆ ಹಿಂದಕ್ಕೆ ತಿರುಗಿದಿರೆಂದು ಗೊತ್ತು. ಅಣ್ಣನ ಮಗ ಬಾಬು ಅಲ್ಲೇ ಕಂಬದ ಹತ್ತಿರ ನಿಂತಿದ್ದಾನೆ. ಅವನು ಲಂಡನ್ನಿಗೆ ಹೋಗಿರಲಿಲ್ಲ. ಅವನು ಬಂದದ್ದು ದೌಂಡಕ್ಕೆ, ನನ್ನ ಮನೆಗೆ.

ಹೇಳಬೇಕೆಂದು ಬಂದವನಲ್ಲ ನಾನು. ಆದರೆ ಬಾಯಿಂದ ಬಿದ್ದ ಮಾತಿಗೆ ರಿಟರ್ನ್ ಟಿಕೀಟು ಇಲ್ಲ.

ನಮ್ಮ ಸಂಘದ ಪದ್ಧತಿ ನಿಮಗೆ ಗೊತ್ತು. ಸತ್ಕಾರ ಮೊದಲು, ಸಮಾಚಾರ ಆಮೇಲೆ. ಸಭಾಗೃಹ ಖಾಲಿಯಿದ್ದದ್ದು ಆ ಭಾನುವಾರ ಮಾತ್ರ, ಆದ್ದರಿಂದ ವೀಸಾ ಬರುವ ಮೊದಲೇ ಶಾಲು ಹೊದಿಸಿದಿರಿ. ಆ ವಾರವೇ ಪಾಸ್‌ಪೋರ್ಟುಗಳು ವೀಸಾದ ಮುದ್ರೆಯಿಲ್ಲದೆ ಬೋಳಾಗಿ ಮರಳಿದವು, ಜೊತೆಗೊಂದು ಇಂಗ್ಲಿಷ್ ಕಾಗದ. ಕನ್ನಡ ಮಾಧ್ಯಮದವನಾದ ನಾನು ಶಬ್ದಕೋಶ ತೆರೆದು ನೋಡಿದೆ. ಅವರಿಗೆ ವಿಷಾದವಾಗಿದೆಯಂತೆ. ಅವರಿಗೇ ವಿಷಾದವಾದರೆ ನಮಗೇನಾಗಬೇಕು?

ಅಷ್ಟರಲ್ಲಿ ಬಿಜಾಪುರದ ಟೆಂಪೋ ಬಂದಾಗಿತ್ತು. ಭಾವ ನನ್ನನ್ನು ಕರೆದು, "ಶಾಲು ಹೊತ್ತ ಮ್ಯಾಲ ಮನ್ಯಾಗ ಕೂಡೂದು ಹೆಂಗೋ?" ಎಂದರು. ಹೀಗೆ ಪುಣೆ ಸ್ಟೇಷನ್ನಿನಲ್ಲಿ ನೀವು ಹಾಕಿದ ಹಾರದೊಂದಿಗೆ ಮುಂಬಯಿ ಗಾಡಿ ಹತ್ತಿದರು. ದಾರಿಯ ನಡುವೆ ಲೋಣಾವಳಾದಲ್ಲಿ ಇಳಿದರು. ಹಾರ ತೆಗೆದು ಬೆಂಚಿನ ಮೇಲಿಟ್ಟರು. ಇನ್ನೊಂದು ಗಾಡಿ ಹತ್ತಿ, ಪುಣೆ ಬಂದಾಗ ಕಿಟಕಿ ಮುಚ್ಚಿಕೊಂಡು, ದೌಂಡಕ್ಕೆ ಬಂದಿಳಿದರು. ಅದೇ ಅವರ ಲಂಡನ್ನು. ನನ್ನ ಕ್ವಾರ್ಟರ್ಸಿನ ಒಳಕೋಣೆ. ಹಗಲು ಕದ ಹಾಕಿಕೊಂಡು ಬಿಜಾಪುರದ ರೊಟ್ಟಿಯನ್ನೇ ಮುರಿದು ತಿಂದರು. ಲಂಡನ್ನಿನದೆಂದು ನಾವು ಹಂಚಿದ, ಈಗ ನಿಮ್ಮ ಬಾಯಲ್ಲಿ ಕರಗುತ್ತಿರುವ ಚಾಕಲೇಟು ಸೊಲ್ಲಾಪುರದ್ದು. ದೌಂಡದಲ್ಲೇ ಕೊಳ್ಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡೆವು.

ಬಾಗಿಲು ತಟ್ಟಿದವನು ಬಾಬು. ಪಡಸಾಲೆಯಲ್ಲಿ ಕುಳಿತು ಅಳುತ್ತ ಹೇಳಿದ: "ಕಾಕಾ, ಅಜ್ಜಿ ಹೋದ್ಲು. ಅತ್ತೀಗೆ ಹೆಂಗ ತಿಳಸೂದ್ರಿ? ಲಂಡನ್‌ದಾಗ ಎಲ್ಲಿ ಅಂತ ಹುಡುಕೂದು? 'ನನ್ನ ಮಗಳು ವಿಮಾನದಾಗ ಅದಾಳ' ಅನಕೋತನ ಜೀವಾ ಬಿಟ್ಳು. ಓಣಿ ಮಂದೆಲ್ಲಾ ಪುಣ್ಯಾತಗಿತ್ತಿ ಅನ್ನಾಕತ್ಯಾರ." ಅವನ ಬೆನ್ನ ಹಿಂದಿನ ಕದದಾಚೆ ಅತ್ತೆ ಇದ್ದಳು. ಕದ ಅಲುಗಲಿಲ್ಲ.

ಲಂಡನ್ನಿಗೆ ನಾನೇ ತಿಳಿಸುತ್ತೇನೆ ಎಂದು ಬಾಬುವನ್ನು ಮುಂದೆ ಕಳಿಸಿ ಒಳಗೆ ಬಂದೆ. ಅಕ್ಕ ಚಪ್ಪಲಿ ಮೆಟ್ಟಿ ನಿಂತಿದ್ದಳು. ಪುಣೆಗೆ ಗಾಡಿಗಳು ಬೇಕಾದಷ್ಟು. ಯಾರೂ ಆಕೆಯನ್ನು ತಡೆಯಲಿಲ್ಲ. ಹೊಸ್ತಿಲ ತನಕ ಬಂದಳು, ನಿಂತಳು. "ಓಣಿ ಮುಂದ ಅವ್ವನ ಕಡೀ ಮಾತು ಸುಳ್ಳು ಮಾಡಲೇನೋ?" ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಂದಿನಿಂದ ಆಕೆಯ ಬಾಯಲ್ಲಿ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ.

ಅವ್ವನ ಮಣ್ಣಿಗೆ ದೌಂಡದಿಂದ ನಾನೊಬ್ಬನೇ ಹೋದೆ. ಒಂದು ಹಿಡಿ ಹಾಕಿ ಇನ್ನೊಂದು ಹಿಡಿ ಹಾಕಿದೆ. "ಎರಡು ಯಾಕೋ?" ಎಂದು ಅಣ್ಣ ಕೇಳಿದ. ಒಂದು ಅಕ್ಕನದು ಎಂದೆ. "ಲಂಡನ್‌ದಾಕಿ ಹೆಸರಲೆ ಇಲ್ಲಿ ಮಣ್ಣು ಹಾಕಬ್ಯಾಡ," ಎಂದ. ತಪ್ಪೇನು? ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಅಣ್ಣಾ, ಕೂಡ್ರು. ಹೋಗಬೇಡ. ಆಕೆಯ ಕಡೆ ಒಮ್ಮೆ ತಿರುಗಿ ನೋಡಿ ಹೋಗು.

ಹೋದ.

ಇನ್ನು ಆಮಂತ್ರಣದಲ್ಲಿ "ಪ್ರವಾಸಾನುಭವ: ಶ್ರೀಮತಿ ತ್ರಿವೇಣಿ" ಎಂದಿದೆ. ಆಕೆ ಮಾತಾಡುವುದಿಲ್ಲ. ಇಷ್ಟು ದಿನಗಳ ಮೇಲೆ ಆಕೆ ಬಾಯಿ ತೆರೆದದ್ದು ಇವತ್ತು ಬೆಳಿಗ್ಗೆ, ನನ್ನ ಮುಂದೆ. "ಅಲ್ಲಿ ಏನೂ ಹೇಳಬ್ಯಾಡೋ ತಮ್ಮಾ. ಲಂಡನ್‌ದಾಗ ಇದ್ದೆ ಅಂದ್ರ ಕಲ್ಲು ಅಂತಾರ, ಅನ್ಲಿ. ದೌಂಡದಾಗ ಇದ್ದೆ ಅಂದ್ರ ಏನಂತಾರ?" ಹೇಳುವುದಿಲ್ಲ ಎಂದು ತಲೆಯಾಡಿಸಿ ಬಂದಿದ್ದೆ. ಹೊಗಳಲು ಹೊರಟೆ, ಅಷ್ಟೇ.

ಅಕ್ಕಾ, ಇನ್ನು ಸೆರಗು ಬಾಯಿಗಿಡುವ ಕಾರಣವಿಲ್ಲ. ಅತ್ತುಬಿಡು.

ಆಕೆ ಅಳುತ್ತಿಲ್ಲ, ಸಭಿಕರೇ. ಇವತ್ತು ನೀವು ಹೊದಿಸಿದ ಶಾಲು ಮಡಚುತ್ತಿದ್ದಾಳೆ. ಅಂಚಿಗೆ ಅಂಚು ಕೂಡಿಸಿ, ಅಂಗಡಿಗೆ ತಿರುಗಿ ಕೊಡುವವರ ಹಾಗೆ.

ಅಧ್ಯಕ್ಷರಿಗೆ ವಂದನೆ. ಧ್ವನಿವರ್ಧಕದವರಿಗೆ ವಂದನೆ, ಇಷ್ಟು ಸ್ಪಷ್ಟವಾಗಿ ಕೇಳಿಸಬಾರದಿತ್ತು. ಉಪ್ಪಿಟ್ಟು ಮಾಡಿದ ತಾಯಂದಿರಿಗೆ ವಂದನೆ, ತಿಂದು ಹೋಗಿರಿ, ಆರಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಸಂಜೆಯ ಗಾಡಿಗೆ ನಾನು ದೌಂಡಕ್ಕೆ ಹೊರಡುತ್ತೇನೆ. ಅಕ್ಕ ಜೊತೆಗೆ ಬಂದರೆ ಈ ಸಲ ಕಿಟಕಿ ತೆರೆದೇ ಇಡುತ್ತೇನೆ. ಬರುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ.

ನಮಸ್ಕಾರ.