ಕವಳ ಮುಟ್ಟದ ಡಾಕ್ಟರು

ಬನವಾಸಿಯ ಚನ್ನಬಸವ ಶಿರಸಿಯ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ. ಪಕ್ಕದಲ್ಲೇ ಹೇರೂರಿನ ಅಡಿಕೆ ವ್ಯಾಪಾರಿ ಗಜಾನನ ಭಟ್ಟರು ತಮ್ಮ ಭಾವನ ಎದುರು ಅದೇ ಡಾಕ್ಟರನ್ನು ಜಾಡಿಸುತ್ತಿದ್ದರು.

"ಆನೇ ಜಾಗ ಕೊಡ್ತೆ, ಆಸ್ಪತ್ರೆ ಕಟ್ಟಿಸ್ತೆ, ಪಾಲುದಾರ ಆಗ್ತೆ ಹೇಳಿದ್ದಿ. ಒಪ್ಪಿದ್ದ."

"ಮತ್ತೆಂತ ಆತು?"

"ಮಾತು ಮುಗದ ಮೇಲೆ, ಪದ್ಧತಿ ಹೇಳಿ ಎಲೆ-ಅಡಿಕೆ ಹಾಕಿ ಕವಳದ ಬಟ್ಟಲು ಮುಂದಿಟ್ಟಿ. ತಂಬಾಕು ನೋಡಿದ್ದೇ ಎದ್ದು ಹೋದ!"

"ಕವಳ ಮುಟ್ಟದಂವ ಎಂತಾ ಪಾಲುದಾರ, ಭಾವ!"

"ಈಗ ಕಿರವತ್ತಿ ಡಾಬಾದವನ ಸಂಗಡ ಸೇರಿದ್ನಡ. ರೊಟ್ಟಿ ಬಡಿಯಂವ ಕ್ಯಾನ್ಸರ್ ಆಸ್ಪತ್ರೆ ನಡೆಸ್ತ್ನಡ!"

"ಅವನ ಹತ್ರ ಎಂತ ಇದ್ದು?"

"ಹೆಂಡ್ತಿ ಬಾಯಿ ಹುಣ್ಣಾಗಿ ಸತ್ತಿದ್ದು. ಅದೇ ಬಂಡವಾಳ. ಅಂದಿಂದ ಡಾಬಾದಲ್ಲಿ ಗುಟ್ಕಾ ಮಾರ್ತ್ನಿಲ್ಯಡ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಟ್ಟರು ಕವಳದ ಸಂಚಿ ಬಿಚ್ಚಿ, ಮರ್ಯಾದೆಗೆಂದು ಚನ್ನಬಸವನತ್ತಲೂ ಚಾಚಿದರು.

"ಹಾಕ್ತೀರಾ ಗೌಡ್ರೆ?"

ಚನ್ನಬಸವ ಟವೆಲ್ ಇಳಿಸಿದ. ಎಡಗೆನ್ನೆ ಅರ್ಧ ಇರಲಿಲ್ಲ.

"ಬ್ಯಾಡ್ರಿ. ನಂದು ಹಾಕ್ಕೊಂಡು ಮುಗದೈತ್ರಿ."

ಸಿದ್ದಾಪುರದ ಬಸ್ಸಿಗೆ ಇನ್ನೂ ಡ್ರೈವರೇ ಬಂದಿರಲಿಲ್ಲ. ಇಬ್ಬರೂ ಓಡಿಹೋಗಿ ಹತ್ತಿ ಕೂತರು.