ವಾಲ್ವ್ ಮುಚ್ಚಿದ್ದು ಯಾವಾಗ

ಹೇಳಿಕೆ ಕೊಡುತ್ತಿರುವ ನಾನು ನಲವತ್ತಾರು ವರ್ಷದ ಹೆಂಗಸು. ಕಸುಬು, ಹೀಟರ್‌ಗಳನ್ನು ಬಾಡಿಗೆಗೆ ಕೊಡುವ ಶೆಡ್ಡಿನಲ್ಲಿ ಪಿಕಪ್ ಓಡಿಸುವುದು. ವಾಸ, ಅದೇ ಶೆಡ್ಡಿನ ಹಿಂದಿನ ಓಣಿಯ ಕೊನೆಯ ಮನೆ, ಮೇಲಿನ ಮಹಡಿ. ಗಂಡ, ಮೈದುನ ಮತ್ತು ನಾನು ಒಟ್ಟಿಗೆ ಇದ್ದೇವೆ. ಯಾರೂ ಕರೆಸದೆ ನಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದು ಏನೆಂದರೆ, ನಿನ್ನೆ ಬೆಳಿಗ್ಗೆ ಸುಟ್ಟುಹೋದ ಟ್ರೈಲರ್ ಹೀಟರಿಗೆ ನನ್ನ ಮೈದುನ ಬೆಂಕಿ ಇಟ್ಟಿಲ್ಲ.

ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೋಗುವ ಈ ಹೀಟರಿಗೆ ಎರಡು ಚಕ್ರ, ಕೆಳಗೆ ಬರ್ನರ್, ಮೇಲೆ ನಾನೂರು ಲೀಟರಿನ ಡೀಸೆಲ್ ಟ್ಯಾಂಕ್. ಹೊಸ ಕಟ್ಟಡಗಳಲ್ಲಿ ಗಾರೆ ಒಣಗಿಸಲು, ಬಾಯ್ಲರ್ ಕೆಟ್ಟ ಕಡೆ ಬಿಸಿಗಾಳಿ ಊದಲು ಇದನ್ನು ಒಯ್ಯುತ್ತೇವೆ. ರಸ್ತೆಗೆ ಇಳಿಸುವ ಮೊದಲು ಬರ್ನರ್ ಆರಿಸಿ ತಣ್ಣಗಾಗಲು ಬಿಡಬೇಕು. ಟ್ಯಾಂಕಿನಿಂದ ಬರ್ನರಿಗೆ ಹೋಗುವ ಕೊಳವೆಯ ವಾಲ್ವ್ ಮುಚ್ಚಬೇಕು. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕು, ಕೊಕ್ಕೆಯ ಜೊತೆಗೆ ಸರಪಳಿಯನ್ನೂ ಕಟ್ಟಬೇಕು. ನಿಯಮ ಇಷ್ಟೇ. ಶೆಡ್ಡಿನ ಗೋಡೆಯ ಮೇಲೆ ಬರೆಸಿದ್ದಾರೆ, ಆದರೆ ಶೆಡ್ಡಿನ ಯಜಮಾನರ ಸ್ಕೂಟರ್ ಅದರ ಮುಂದೆಯೇ ನಿಲ್ಲುವುದರಿಂದ ಕೆಳಗಿನ ಎರಡು ಸಾಲು ಯಾರಿಗೂ ಕಾಣುವುದಿಲ್ಲ.

ನಾವು ಗೋಡೆ ನೋಡಿಕೊಂಡು ಕೆಲಸ ಮಾಡಿದವರಲ್ಲ. ಮೊದಲು ಈ ಪಿಕಪ್ಪನ್ನು ನನ್ನ ಗಂಡ ಓಡಿಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಸ್ಟಿಯರಿಂಗ್ ನನ್ನ ಕೈಗೆ ಬಂತು. ಹೀಟರ್ ನೋಡಿಕೊಳ್ಳುವವನು ಮೈದುನ. ಮಾತುಮಾತಿಗೂ ಮುಖ ಕೆಂಪಗಾಗುವುದರಿಂದ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಕೆಂಡ ಎಂದು ಕರೆಯುತ್ತಾರೆ. ನನ್ನ ಗಂಡ ಮಾಡಿಟ್ಟ ಪದ್ಧತಿಯೊಂದಿದೆ. ಹೊರಡುವ ಮುನ್ನ ಓಡಿಸುವವರು ಕಿಟಕಿಯಿಂದ ಕೂಗಿ ಕೇಳಬೇಕು, ಹೀಟರಿನವನು ಆಯಾ ಭಾಗವನ್ನು ಕೈಯಿಂದ ಮುಟ್ಟಿಯೇ ಉತ್ತರ ಹೇಳಬೇಕು. "ಬೆಂಕಿ?" ಎಂದರೆ "ಆರಿದೆ." "ಮೈ?" ಎಂದರೆ ಬರ್ನರಿನ ಮೇಲೆ ಕೈಯಿಟ್ಟು "ತಣ್ಣಗಿದೆ." "ವಾಲ್ವ್?" "ಮುಚ್ಚಿದೆ." "ಮುಚ್ಚಳ?" "ಬಿಗಿಯಿದೆ." "ಸರಪಳಿ?" "ಕಟ್ಟಿದೆ." ಕೊನೆಗೆ ಅವನು "ಹೊರಡೋಣ್ವಾ ಅತ್ತಿಗೆ?" ಎನ್ನುತ್ತಾನೆ, ನಾನು "ಹತ್ತಪ್ಪಾ" ಎನ್ನುತ್ತೇನೆ. ಕಟ್ಟಡದ ಕೆಲಸದವರು ಗಿಣಿಪಾಠದವರು ಬಂದರು ಎಂದು ನಗುತ್ತಾರೆ. ನಗಲಿ, ಇಷ್ಟು ವರ್ಷದಲ್ಲಿ ನಮ್ಮ ಟ್ರೈಲರಿನಿಂದ ಒಂದು ಹನಿ ಡೀಸೆಲ್ ರಸ್ತೆಗೆ ಬಿದ್ದಿರಲಿಲ್ಲ.

ನಿನ್ನೆ ಈ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಯಾಕೆ ಎಂದು ಸಾಹೇಬರು ಕೇಳಿದ್ದರಿಂದ ಹೇಳುತ್ತಿದ್ದೇನೆ, ಮನೆಯ ಮಾತನ್ನು ಠಾಣೆಯಲ್ಲಿ ಬರೆಸಲು ನಾಚಿಕೆಯಾಗುತ್ತದೆ. ಕಳೆದ ಭಾನುವಾರ, ಮೈದುನ ಮದುವೆಯಾಗಬೇಕೆಂದಿರುವ ಹೆಂಗಸು ತನ್ನ ಅಣ್ಣನ ಜೊತೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಆಕೆ ದರ್ಜಿ ಕೆಲಸದವಳು. ಮಾತು ನನ್ನ ಡ್ರೈವಿಂಗ್ ಕಡೆ ತಿರುಗಿತು. ಮೈದುನ, ಅತ್ತಿಗೆ ಟ್ರೈಲರ್ ರಿವರ್ಸ್ ತೆಗೆಯುವುದನ್ನು ಒಮ್ಮೆ ನೋಡಬೇಕು, ಎಮ್ಮೆಯನ್ನು ಬಾಲ ಹಿಡಿದು ಎಳೆದ ಹಾಗಿರುತ್ತದೆ ಎಂದ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ವಯಸ್ಸಿನಲ್ಲೂ ಇವನ ಕಾಲುಚೀಲ ಒಗೆಯುವುದು ನಾನೇ, ಇನ್ನು ಮುಂದೆ ಆ ಬುಟ್ಟಿ ನಿನಗೇ ಇರಲಿ ತಾಯಿ ಎಂದು ಆಕೆಗೆ ಹೇಳಿಬಿಟ್ಟೆ. ಆಕೆ ನಗಲಿಲ್ಲ. ಆಕೆಯ ಅಣ್ಣ ಗಡಿಯಾರ ನೋಡಿಕೊಂಡ. ಅವರು ಹೋದ ಮೇಲೆ ಒಂದು ಫೋನೂ ಬರಲಿಲ್ಲ. ಅಂದಿನಿಂದ ಮೈದುನ ನನ್ನ ಜೊತೆ ಮಾತು ಬಿಟ್ಟ. ನಾನೇನು ಕಡಿಮೆಯೇ, ನಾನೂ ಬಿಟ್ಟೆ. ಅವನಿಗೆ ಉಪ್ಪು ಬೇಕಾದರೆ ನನ್ನ ಗಂಡನಿಗೆ ಹೇಳುತ್ತಿದ್ದ, ಅವರು ನನಗೆ ಹೇಳುತ್ತಿದ್ದರು, ಮೂವರೂ ಒಂದೇ ಮೇಜಿನ ಸುತ್ತ ಕುಳಿತು.

ನಿನ್ನೆ ಗುರುವಾರ ಬೆಳಿಗ್ಗೆ ನಾವು ಒಂದು ಹೊಸ ಕಟ್ಟಡದ ಕೆಳಮಹಡಿಯಲ್ಲಿ ಗಾರೆ ಒಣಗಿಸುತ್ತಿದ್ದೆವು. ಎಂಟೂವರೆಗೆ ಯಜಮಾನರ ಫೋನ್ ಬಂತು. ಹೆರಿಗೆ ಆಸ್ಪತ್ರೆಯ ಬಾಯ್ಲರ್ ಕೆಟ್ಟಿದೆ, ಹಸುಗೂಸುಗಳು ಚಳಿಯಲ್ಲಿವೆ, ಕೂಡಲೇ ಹೊರಡಿ ಎಂದರು. ಬರ್ನರ್ ತಣ್ಣಗಾಗಲು ಅರ್ಧ ಗಂಟೆಯಾದರೂ ಬೇಕು ಎಂದು ಹೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿ, ಇನ್ನೂ ಅಲ್ಲೇ ಬೇರುಬಿಟ್ಟಿದ್ದೀರಾ, ದಾರಿಯಲ್ಲಿ ಗಾಳಿಗೆ ತಾನೇ ತಣ್ಣಗಾಗುತ್ತದೆ ಎಂದು ರೇಗಿದರು.

ಅದೇ ಹೊತ್ತಿಗೆ ಬರ್ನರಿನ ಸ್ವಿಚ್ ಸಿಕ್ಕಿಹಾಕಿಕೊಂಡಿತು. ಮೈದುನ ಟ್ರೈಲರಿನ ಚಕ್ರಕ್ಕೆ ಒದ್ದು, "ಈ ದರಿದ್ರ ಡಬ್ಬಕ್ಕೆ ಒಂದಿನ ನಾನೇ ಬೆಂಕಿ ಇಡ್ತೀನಿ" ಎಂದು ಕೂಗಿದ್ದು ನಿಜ. ಕಟ್ಟಡದ ಕಾವಲುಗಾರ ಅದನ್ನು ಕೇಳಿಸಿಕೊಂಡದ್ದೂ ನಿಜ. ಇದೇ ಮಾತನ್ನು ಅವನು ನಮ್ಮ ಮನೆಯ ನೀರಿನ ಪಂಪಿಗೆ, ಇಸ್ತ್ರಿ ಪೆಟ್ಟಿಗೆಗೆ, ಒಮ್ಮೆ ಕಾಲು ಕಚ್ಚಿದ ತನ್ನದೇ ಹೊಸ ಬೂಟಿಗೂ ಹೇಳಿದ್ದಾನೆ. ಅವನು ಅಂದಂತೆ ಆಗುವುದಿದ್ದರೆ ನಮ್ಮ ಮನೆಯಲ್ಲಿ ಒಂದು ಸಾಮಾನೂ ಉಳಿಯುತ್ತಿರಲಿಲ್ಲ.

ಸ್ವಿಚ್ ಬಿಟ್ಟುಕೊಂಡು ಬರ್ನರ್ ಆರಿತು. ಅವನು ಕೊಕ್ಕೆ ಹಾಕಿ ಸರಪಳಿ ಕಟ್ಟಿದ. ನಾನು ಪಿಕಪ್ಪಿನಲ್ಲಿ ಕುಳಿತು ಕನ್ನಡಿಯಲ್ಲಿ ನೋಡುತ್ತಿದ್ದೆ. ಅವನು ಟ್ರೈಲರಿನ ಪಕ್ಕ ನಿಂತು ನನ್ನ ಕಿಟಕಿಯ ಕಡೆ ಸ್ವಲ್ಪ ಹೊತ್ತು ನೋಡಿದ. ನಾನು ಕೇಳಲಿ ಎಂದು ಕಾಯುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಮೊದಲು ಅವನೇ ಬಾಯಿ ಬಿಡಲಿ ಎಂದು ನಾನು ಸುಮ್ಮನೆ ಕುಳಿತೆ. ಅವನು ಬಂದು ಪಕ್ಕದ ಸೀಟಿನಲ್ಲಿ ಕುಳಿತು ಬಾಗಿಲನ್ನು ಧಡಾರನೆ ಹಾಕಿದ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹೊರಟೆವು.

ಸುಮಾರು ಮೂರು ಕಿಲೋಮೀಟರ್ ಹೋದ ಮೇಲೆ ರಸ್ತೆಯಲ್ಲಿ ಎರಡು ಉಬ್ಬುಗಳಿವೆ. ಎರಡನೆಯದನ್ನು ದಾಟಿದಾಗ ಟ್ರೈಲರ್ ಜೋರಾಗಿ ಕುಲುಕಿತು, ಡೀಸೆಲ್ ವಾಸನೆ ಬಂತು. ಮುಂದೆ ಸಿಗ್ನಲ್ಲಿಗೆ ವಾಹನಗಳು ನಿಂತಿದ್ದವು, ನಾನೂ ನಿಲ್ಲಿಸಿದೆ. ಬಲಗಡೆ ಅರವತ್ತು ಮೀಟರ್ ಮುಂದೆ ಪೆಟ್ರೋಲ್ ಬಂಕ್ ಇತ್ತು. ಹಿಂದೆ ಜನ ತುಂಬಿದ ಬಸ್ ಬಂದು ನಿಂತಿತು. ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡಿತು, ಅದರ ಬುಡದಲ್ಲಿ ಬೆಂಕಿಯೂ ಕಂಡಿತು.

ಮೈದುನ ಕೆಳಗೆ ಹಾರಿ ಹಿಂದಕ್ಕೆ ಓಡಿದ. "ಅತ್ತಿಗೆ, ವಾಲ್ವ್ ತೆಗ್ದೇ ಇದೆ, ಪೈಪ್ ಬಿಟ್ಕೊಂಡಿದೆ!" ಎಂದು ಕೂಗಿದ. ಭಾನುವಾರದ ನಂತರ ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಬಿಸಿ ಬರ್ನರಿನ ಮೇಲೆ ಡೀಸೆಲ್ ಸುರಿಯುತ್ತಿತ್ತು. ಅವನು ಸೀಟಿನ ಹಿಂದಿದ್ದ ಬೆಂಕಿ ಆರಿಸುವ ಸಿಲಿಂಡರ್ ತೆಗೆದು ಪೂರ್ತಿ ಖಾಲಿಯಾಗುವವರೆಗೂ ಹೊಡೆದ. ಬೆಂಕಿ ತಗ್ಗಿತು, ಮತ್ತೆ ಎದ್ದಿತು. ನನಗೆ ಇಳಿದು ಓಡಿಬಿಡಬೇಕು ಅನ್ನಿಸಿತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಬಸ್ಸಿನ ಮುಂದಿನ ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಾ ಇಳಿಯುತ್ತಿದ್ದರು. ಒಬ್ಬ ಹೆಂಗಸು ಕೂಸನ್ನು ಕಿಟಕಿಯಿಂದ ಕೆಳಗಿದ್ದವರ ಕೈಗೆ ಕೊಡುತ್ತಿದ್ದಳು.

ಎಡಗಡೆ ಗೋಡೆ ಕಟ್ಟಿದ ಖಾಲಿ ಸೈಟ್ ಇತ್ತು, ಅದಕ್ಕೆ ಬಾಗಿಲಿಲ್ಲದ ಒಂದು ಸಂದು. ಟ್ರೈಲರ್ ಹೋದರೆ ಎರಡೂ ಪಕ್ಕಕ್ಕೆ ಒಂದೊಂದು ಗೇಣು ಉಳಿಯುವಷ್ಟೇ ಅಗಲ. ಮೈದುನ ಕೈ ಬೀಸಿ ಬಸ್ಸನ್ನು ಹಿಂದಕ್ಕೆ ಕಳಿಸಿ, "ಅತ್ತಿಗೆ, ರಿವರ್ಸ್ ತಗೊಳ್ಳಿ, ಸೈಟೊಳಗೆ ಹಾಕಿ!" ಎಂದ. ನನ್ನಿಂದ ಆಗುವುದಿಲ್ಲ ಎಂದು ಕೂಗಿದೆ. ಆಗುತ್ತೆ, ನನ್ನ ಮುಖ ಮಾತ್ರ ನೋಡಿ ಎಂದ. ಉರಿಯುತ್ತಿದ್ದ ಟ್ರೈಲರಿನ ಪಕ್ಕದಲ್ಲೇ, ನನಗೆ ಕನ್ನಡಿಯಲ್ಲಿ ಕಾಣುವ ಹಾಗೆ, ಅವನು ಹಿಂದೆ ಹಿಂದೆ ನಡೆದ. ಬಲಕ್ಕೆ ತಿರುಗಿಸಿ, ಇನ್ನೂ, ಸಾಕು, ಈಗ ನೇರ, ಬನ್ನಿ ಬನ್ನಿ ಎನ್ನುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬೆಂಕಿ ನೋಡಲಿಲ್ಲ, ಅವನ ಮುಖವನ್ನೇ ನೋಡಿದೆ. ಟ್ರೈಲರ್ ಒಂದೇ ಸಲಕ್ಕೆ ಒಳಗೆ ಹೋಯಿತು.

ಆಮೇಲೆ ಅವನು ಟ್ಯಾಂಕಿನ ಕೆಳಗೆ ಬಗ್ಗಿದ. ಕನ್ನಡಿಯಲ್ಲಿ ಅವನು ಕಾಣದೆ ಹೋದ. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಅವನ ಹೆಸರು ಹಿಡಿದು ಕಿರುಚಿದೆ. ಅವನು ಹೊರಗೆ ಬಂದಾಗ ಬಲಗೈಯನ್ನು ಮೈಗೆ ತಾಕದಂತೆ ದೂರ ಹಿಡಿದುಕೊಂಡಿದ್ದ. ಎಡಗೈಯೊಂದರಿಂದಲೇ ಸರಪಳಿ ಕಳಚಿ ಕೊಕ್ಕೆ ಬಿಚ್ಚಿ, ಹೋಗಿ ಎಂದ. ನಾನು ಪಿಕಪ್ಪನ್ನು ಮೂವತ್ತು ಮೀಟರ್ ಮುಂದೆ ತಂದು ನಿಲ್ಲಿಸಿ ಹಿಂದಕ್ಕೆ ಓಡಿದೆ. ಅವನು ಸೈಟಿನ ಹೊರಗೋಡೆಗೆ ಒರಗಿ ಕುಳಿತಿದ್ದ. ಬಸ್ಸಿನವರಲ್ಲಿ ಯಾರಿಗೂ ಗಾಯವಾಗಲಿಲ್ಲ. ಅಗ್ನಿಶಾಮಕದವರು ಬಂದಾಗ ಒಂಬತ್ತು ನಲವತ್ತು.

ನಿನ್ನೆ ಸಂಜೆ ಯಜಮಾನರು ಮೈದುನನನ್ನು ಸೇರಿಸಿದ್ದ ಆಸ್ಪತ್ರೆಯ ವರಾಂಡಕ್ಕೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಸುಟ್ಟ ಟ್ರೈಲರಿನಲ್ಲಿ ವಾಲ್ವ್ ಮುಚ್ಚಿಯೇ ಇತ್ತು, ಮುಚ್ಚಿದ ಮೇಲೆ ಡೀಸೆಲ್ ತಾನಾಗಿ ಹೇಗೆ ಸೋರುತ್ತದೆ, ಕೆಂಡನೇ ಸುರಿದು ಬೆಂಕಿ ಇಟ್ಟಿದ್ದಾನೆ, ಬೆಳಿಗ್ಗೆ ಬಾಯಿಬಿಟ್ಟು ಹೇಳಿಯೂ ಇದ್ದ ಎಂದರು. ಅವನ ಮೇಲೆ ಹಾಕಿದರೆ ನಿನ್ನ ಕೆಲಸ ಉಳಿಯುತ್ತದೆ ಎಂದೂ ಹೇಳಿದರು. ಎರಡು ಸಲ ಫೋನ್ ಮಾಡಿ ಹೊರಡಿಸಿದ್ದು ಯಾರು ಎಂದು ನಾನು ಕೇಳಿದಾಗ ಸ್ಕೂಟರಿನ ಕೀ ಹೊರತೆಗೆದು ಹೊರಟುಹೋದರು. ಅವರು ದೂರು ಕೊಟ್ಟಿರುವುದು ರಾತ್ರಿ ತಿಳಿಯಿತು. ಪೊಲೀಸಿನವರು ಕೇಳಿದ್ದಕ್ಕೆ ಮೈದುನ ನನಗೇನೂ ನೆನಪಿಲ್ಲ ಎಂದಷ್ಟೇ ಹೇಳಿದ್ದಾನೆ ಎಂಬುದೂ ತಿಳಿಯಿತು.

ವಾಲ್ವ್ ಮುಚ್ಚಿತ್ತು ಎನ್ನುವುದು ನಿಜ. ಅದನ್ನು ಮುಚ್ಚಿದ್ದು ಹೊರಡುವ ಮುಂಚೆ ಅಲ್ಲ, ಬೆಂಕಿ ಹತ್ತಿದ ಮೇಲೆ. ಟ್ಯಾಂಕಿನಲ್ಲಿ ಅರ್ಧದಷ್ಟು ಡೀಸೆಲ್ ಇನ್ನೂ ಹಾಗೇ ಉಳಿದಿದೆ, ಸಾಹೇಬರು ಕೋಲು ಇಳಿಸಿ ನೋಡಬಹುದು. ಸುಡಬೇಕೆಂದಿದ್ದವನು ಉರಿಯೊಳಗೆ ಕೈಹಾಕಿ ಅದನ್ನು ಉಳಿಸುತ್ತಿರಲಿಲ್ಲ. ನನ್ನ ಮಾತು ನಂಬಿಕೆಯಾಗದಿದ್ದರೆ ಡಾಕ್ಟರನ್ನು ಕೇಳಿ. ಅವನ ಬಲ ಅಂಗೈಯಲ್ಲಿ ಆ ವಾಲ್ವಿನ ಹಿಡಿಯ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿದೆ. ಕಟ್ಟು ಬದಲಿಸುವಾಗ ನಾನು ಕಣ್ಣಾರೆ ನೋಡಿದೆ.

ಇವತ್ತು ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದಾಗ ದರ್ಜಿ ಹೆಂಗಸು ನನಗಿಂತ ಮೊದಲೇ ಬಂದು ಅವನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಅವನ ಕೊಳೆ ಬಟ್ಟೆಗಳನ್ನು ಗಂಟು ಕಟ್ಟಿ ತನ್ನ ಚೀಲದ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಕಾಲುಚೀಲವೂ ಅದರಲ್ಲಿತ್ತು. ನಾನು ತಲೆ ತಗ್ಗಿಸಿದೆ. ವಾಲ್ವಿನ ವಿಷಯ ಯಾಕೆ ಹೇಳಲಿಲ್ಲ ಎಂದು ಮೈದುನನನ್ನು ಕೇಳಿದೆ. "ತೆಗ್ದಿತ್ತು ಅಂದ್ರೆ ನೀವು ಕೇಳ್ಲಿಲ್ಲ ಅಂತಾನೂ ಹೇಳ್ಬೇಕಾಗುತ್ತೆ. ನಿಮ್ಮ ಲೈಸೆನ್ಸ್ ಹೋದ್ರೆ ಅಣ್ಣನ್ನ ಯಾರು ನೋಡ್ಕೋತಾರೆ?" ಎಂದ.

ಮಂಚದ ತುದಿಯಲ್ಲಿ ನಿಂತು, ನಿನ್ನೆ ಕೇಳಬೇಕಾಗಿದ್ದನ್ನು ಕೇಳಿದೆ. "ಬೆಂಕಿ?" ಎಂದೆ. ಅವನು ನನ್ನನ್ನು ನೋಡಿ, "ಆರಿದೆ" ಎಂದ. "ವಾಲ್ವ್?" ಎಂದೆ. ಕಟ್ಟು ಕಟ್ಟಿದ ಕೈಯನ್ನು ಹೊದಿಕೆಯ ಮೇಲೆ ಎತ್ತಿಟ್ಟು, "ಮುಚ್ಚಿದೆ" ಎಂದ. ಆಮೇಲೆ ಅವನೇ, "ಹೊರಡೋಣ್ವಾ ಅತ್ತಿಗೆ?" ಎಂದು ಕೇಳಿದ. ನೀನು ಮಲಗಪ್ಪಾ, ಈ ಸಲ ನಾನೊಬ್ಬಳೇ ಹೋಗಿ ಬರುತ್ತೇನೆ ಎಂದು ಹೇಳಿ ನೇರವಾಗಿ ಇಲ್ಲಿಗೆ ಬಂದೆ. ನನ್ನ ಲೈಸೆನ್ಸನ್ನು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ ಆರೋಪಿ ಎಂದಿದ್ದುದನ್ನು ಹೊಡೆದುಹಾಕಿಸಿ ನನ್ನ ಮೈದುನ ಎಂದು ಬರೆಸಿದ್ದೇನೆ. ಉಳಿದದ್ದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಕೇಳದೆ ಬಿಟ್ಟದ್ದು. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಸಹಿ: (ಹೇಳಿಕೆ ಕೊಟ್ಟವಳು, ಪಿಕಪ್ ಚಾಲಕಿ)