ಬಿಸಿಲು ಕಾಯುತ್ತಿರುವ ಟಾಕುಮಾರ್

ಸಮಾರಂಭದ ಅಧ್ಯಕ್ಷರೂ ನಮ್ಮ ಛಾಯಾಗ್ರಾಹಕರ ಸಂಘದ ಹಿರಿಯರೂ ಆದ ಚಾಂದಪಾಶಾ ಸಾಹೇಬರೇ, ಹಾರದ ಭಾರಕ್ಕೆ ಬಾಗಿ ಕುಳಿತಿರುವ ವೇದಿಕೆಯ ಗಣ್ಯರೇ, ಸುರಪುರ, ಯಾದಗಿರಿಗಳಿಂದ ಈ ಶಹಾಪುರದ ತನಕ ಬಿಸಿಲಲ್ಲಿ ಬೆಂದು ಬಂದ ಸದಸ್ಯರೇ, ಅಡುಗೆಯ ವಾಸನೆ ಬಂದರೂ ಕುರ್ಚಿ ಬಿಡದೆ ಕುಳಿತ ಸಭಿಕರೇ,

ಈ ವೇದಿಕೆಯಿಂದ ಸಮಸ್ತ ನಾಡಿಗೆ ಒಂದು ಚಾರಿತ್ರಿಕ ಸುದ್ದಿಯನ್ನು ಘೋಷಿಸುವ ಭಾಗ್ಯ ಇಂದು ನನ್ನ ಪಾಲಿಗೆ ಬಂದಿದೆ. ಆಲಿಸಿ. ನನ್ನ ಲೆನ್ಸಿನ ಕಾಮಾಲೆ ಮುಕ್ಕಾಲು ಪಾಲು ಇಳಿದಿದೆ!

ಯಾರೂ ಎದ್ದು ನಿಲ್ಲಬೇಡಿ. ಚಪ್ಪಾಳೆ ಸಾಕು.

‘ಪೂರ್ತಿ ತೆರೆದು ತೆಗೆಯಲು ನನಗಿಷ್ಟವಾದ ಹಳೆಯ ಲೆನ್ಸುಗಳು’ ಎಂಬ ವಿಷಯದ ಮೇಲೆ ನಾಲ್ಕು ಮಾತಾಡಬೇಕೆಂದು ಸಂಘದ ಅಪ್ಪಣೆ. ಇಲ್ಲಿ ಫೋಟೋ ತೆಗೆಯುವವರಿದ್ದೀರಿ, ತೆಗೆಸಿಕೊಳ್ಳುವವರಿದ್ದೀರಿ, ಬರೀ ಊಟಕ್ಕೆ ಬಂದವರೂ ಇದ್ದೀರಿ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಲೆನ್ಸಿನ ಹೊಟ್ಟೆಯಲ್ಲಿ ಒಂದು ಕಿಂಡಿ ಇರುತ್ತದೆ. ಅದನ್ನು ಸಣ್ಣದು ಮಾಡಿದರೆ ಮುಂದೆ ನಿಂತವರು, ಹಿಂದೆ ನಿಂತವರು, ಅವರ ಹಿಂದಿನ ಎಮ್ಮೆ, ಎಲ್ಲರೂ ಸ್ವಚ್ಛವಾಗಿ ಬೀಳುತ್ತಾರೆ. ಪೂರ್ತಿ ತೆರೆದರೆ? ಒಬ್ಬರೇ ಬೀಳುತ್ತಾರೆ. ಆ ಒಬ್ಬರಲ್ಲೂ ಕಣ್ಣು ಮಾತ್ರ. ಮೂಗಿನ ತುದಿ ಆಗಲೇ ಮಬ್ಬು, ಕಿವಿ ಪಕ್ಕದ ತಾಲೂಕಿಗೆ ಸೇರಿರುತ್ತದೆ. ಒಬ್ಬರನ್ನೇ ಕಣ್ಣಿಟ್ಟು ನೋಡಿ ಉಳಿದ ಜಗತ್ತನ್ನೆಲ್ಲ ಮಬ್ಬು ಮಾಡುವುದಕ್ಕೆ ಮನುಷ್ಯರಲ್ಲಿ ಏನೆನ್ನುತ್ತಾರೆ? ರೇಣಮ್ಮ, ಅಂದರೆ ನನ್ನ ಹೆಂಡತಿ, ಮೂರನೇ ಸಾಲಿನಲ್ಲಿ ಕುಳಿತಿರುವುದರಿಂದ ಉತ್ತರವನ್ನು ನಿಮಗೇ ಬಿಡುತ್ತೇನೆ.

ಮೊದಲನೆಯದು ರಷ್ಯಾದ ಹೆಲಿಯಾಸ್. ಪೂರ್ತಿ ತೆರೆದರೆ ಹಿಂದಿನ ಬೇವಿನ ಎಲೆಗಳೆಲ್ಲ ಗಿರಕಿ ಹೊಡೆಯುತ್ತವೆ. ಸಗರದ ಮೌಲಾಲಿ ಒಮ್ಮೆ ತನ್ನ ಹೋತವನ್ನು ಅಪ್ಪಿಕೊಂಡು ಫೋಟೋ ತೆಗೆಸಿದ. ಹೋತದ ಕಣ್ಣು ಕನ್ನಡಿಯಂತೆ ಬಂತು. ಮೌಲಾಲಿ ಎಲೆಗಳ ಜೊತೆ ತಿರುಗುತ್ತಿದ್ದ.

“ಇದರಾಗ ನಾ ಎಲ್ಲಿದ್ದೀನ್ರಿ ಸರ?”

“ಹಿಂದ ಅದೀ ನೋಡು, ಹೊಗಿ ಕಂಡಂಗ.”

“ಇರ್ಲಿ ಬಿಡ್ರಿ. ಸಂತ್ಯಾಗ ಮಾರೋದು ಹೋತ, ನನ್ನಲ್ಲ.”

ಇಂಥ ಗಿರಾಕಿಗಳಿಂದಲೇ ಕಲೆ ಉಳಿದಿದೆ.

ಆದರೆ ನನ್ನ ಜೀವ ಇರುವುದು ಜಪಾನಿನ ಟಾಕುಮಾರಿನಲ್ಲಿ. ರಂಗಂಪೇಟೆಯ ನಮ್ಮಪ್ಪನ ಸ್ಟುಡಿಯೋದ ಲೆನ್ಸು ಅದು. ಪೂರ್ತಿ ತೆರೆದರೆ ಮುಖದ ಮೇಲೆ ಬೆಣ್ಣೆ ಸವರಿದಂತೆ ಬೆಳಕು ಇಳಿಯುತ್ತದೆ. ಒಂದೇ ಕೊರತೆ. ಅದರ ಒಳಗಿನ ಒಂದು ಗಾಜು ವಯಸ್ಸಾದಂತೆ ತಾನೇ ಹಳದಿ ತಿರುಗುತ್ತದೆ. ನಮ್ಮದು ಎಷ್ಟು ಹಳದಿಯಾಗಿತ್ತೆಂದರೆ, ಅದರ ಮೂಲಕ ನೋಡಿದರೆ ಹಾಲು ಚಹಾದಂತೆ ಕಾಣುತ್ತಿತ್ತು. ಇದಕ್ಕೆ ಔಷಧಿ ಬಿಸಿಲು. ಹೊರದೇಶದವರು ಇದಕ್ಕೆಂದು ಬೇರೆ ದೀಪ ಕೊಂಡು ತರುತ್ತಾರಂತೆ. ದೀಪ! ನಮ್ಮ ವೈಶಾಖದ ಬಿಸಿಲಿಗೆ ಲೆನ್ಸಿನ ಹಳದಿ ಒಂದು ಲೆಕ್ಕವೇ? ಇಲ್ಲಿ ಮನುಷ್ಯರ ಬಣ್ಣವೇ ನಿಲ್ಲುವುದಿಲ್ಲ.

ರೋಗಿಯನ್ನು ಇಲ್ಲಿಗೆ ಕರೆತಂದಿಲ್ಲ. ರಂಗಂಪೇಟೆಯ ನಮ್ಮ ಮಾಳಿಗೆಯ ಮೇಲೆ ಚಿಕಿತ್ಸೆ ನಡೆಯುತ್ತಿದೆ. ಇವತ್ತಿನ ಬಿಸಿಲಿಗೆ ಉಳಿದ ಕಾಲು ಪಾಲೂ ಇಳಿಯಲೇಬೇಕು. ಏಕೆಂದರೆ ನಾಳೆ ಅದಕ್ಕೆ ಕೆಲಸವಿದೆ.

ಏನು ಕೆಲಸ? ಹೇಳಬಾರದೆಂದುಕೊಂಡಿದ್ದೆ. ಹೇಗೂ ಅರ್ಧ ಸಭೆಗೆ ಗೊತ್ತು, ಉಳಿದರ್ಧ ಪಕ್ಕದವರನ್ನು ಕೇಳುತ್ತೀರಿ. ಅಪ್ಪ ತೀರಿಕೊಂಡ ಮೇಲೆ ನನಗೂ ನಮ್ಮಣ್ಣ ಭಗವಂತರಾಯನಿಗೂ ಪಾಲಾಯಿತು. ಮನೆ ಎರಡು ಮಾಡಿದರು, ಮಾಳಿಗೆಯ ನಡುವೆ ಮೊಣಕಾಲೆತ್ತರದ ಗೋಡೆ ಕಟ್ಟಿದರು. ಉಳಿದದ್ದು ಅಪ್ಪನ ಕ್ಯಾಮೆರಾ. ಪಂಚರಲ್ಲಿ ಹಿರಿಯರಾದ ವೆಂಕಟಪ್ಪ ಕಾಕಾ ಮೀಸೆ ತಿರುವಿ ತೀರ್ಪು ಕೊಟ್ಟರು. “ಕ್ಯಾಮ್ರಾ ದೊಡ್ಡಾವಗ, ಲೆನ್ಸು ಸಣ್ಣಾವಗ. ಫೋಟೋ ತೆಗಿಬೇಕಂದ್ರ ಒಬ್ಬರ ಮನಿಗಿ ಒಬ್ಬರು ಬರಬೇಕು. ಬರ್ತಾರ ತಗೋರಿ, ಎಲ್ಲಿಗಿ ಹೋಗ್ತಾರ?”

ಸಭಿಕರೇ, ನಾವು ಎಲ್ಲಿಗೂ ಹೋಗಲಿಲ್ಲ. ಒಬ್ಬರ ಮನೆಗೊಬ್ಬರೂ ಹೋಗಲಿಲ್ಲ. ಆ ಮನೆಯಲ್ಲಿ ಕುರುಡು ಕ್ಯಾಮೆರಾ, ಈ ಮನೆಯಲ್ಲಿ ಬರೀ ಕಣ್ಣು. ಹತ್ತು ವರ್ಷ ದಾಟಿತು.

ಮೊನ್ನೆ ಅಣ್ಣನ ಮಗಳು ಕಲ್ಪನಾ ಗೋಡೆ ದಾಟಿ ಬಂದಳು. ನಾಳೆ ಅವಳ ಮದುವೆ. “ಕಾಕಾ, ಅಜ್ಜನ ಕ್ಯಾಮ್ರಾದಾಗ ನನ್ನದೊಂದು ಫೋಟೋ ತೆಗಿಬೇಕು ನೀವು. ಕಣ್ಣು ನಿಮ್ಮ ಕಡಿ ಅದ.”

“ನಿಮ್ಮಪ್ಪ ಏನಂತಾನ?”

“ಅಪ್ಪಗ ಕೇಳೀನಿ. ಏನೂ ಅನ್ನಲಿಲ್ಲ.”

“ಏನೂ ಅನ್ನಲಿಲ್ಲಂದ್ರ?”

“ಬ್ಯಾಡ ಅನ್ನಲಿಲ್ಲಲ್ಲ ಕಾಕಾ! ಕ್ಯಾಮ್ರಾ ತೆಗದು ಒರಸಾಕತ್ಯಾನ.”

ಅಂದೇ ನಾನು ಟಾಕುಮಾರನ್ನು ಮಾಳಿಗೆಗೆ ಏರಿಸಿದೆ. ಕಾರ್ಡು ಬಂದಿಲ್ಲ, ಕುಂಕುಮಕ್ಕೆ ಕರೆದಿಲ್ಲ, ಆದರೂ ಏರಿಸಿದೆ. ಒಬ್ಬ ಮನುಷ್ಯ ಕ್ಯಾಮೆರಾ ಒರೆಸುತ್ತಿದ್ದಾನೆಂದರೆ ಅದಕ್ಕಿಂತ ದೊಡ್ಡ ಕರೆಯೋಲೆ ಏನಿದೆ?

ಈಗ ಚಿಕಿತ್ಸೆಯ ಕ್ರಮಕ್ಕೆ ಬರುತ್ತೇನೆ, ಯುವ ಮಿತ್ರರು ಗಮನಿಸಬೇಕು. ಲೆನ್ಸಿನ ಕಿಂಡಿ ಪೂರ್ತಿ ತೆರೆದಿರಬೇಕು, ಬಿಸಿಲು ಒಳಗಿನ ಗಾಜಿನ ತನಕ ಇಳಿಯಬೇಕು. ನಾನು ನಡುಗೋಡೆಯ ಮೇಲೆ ನಡುವೆ ಸಂದು ಬಿಟ್ಟು ಎರಡು ಇಟ್ಟಿಗೆ ಇಟ್ಟು, ಅವುಗಳ ಮೇಲೆ ಲೆನ್ಸನ್ನು ಆಕಾಶಕ್ಕೆ ಮುಖ ಮಾಡಿ ಕೂರಿಸುತ್ತೇನೆ. ಬಿಸಿಲು ನೆತ್ತಿಗೇರುವ ಮುಂಚೆ ಮುಚ್ಚಳ ಹಾಕಿ ಕೆಳಗೆ ತರುತ್ತೇನೆ. ಏಕೆ ತರಬೇಕು? ಅದಕ್ಕೊಂದು ತಮಾಷೆಯ ಪ್ರಸಂಗವಿದೆ. ನಾವು ಸಣ್ಣವರಿದ್ದಾಗ ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ ಅಣ್ಣ ಇದೇ ಲೆನ್ಸನ್ನು ಬಿಚ್ಚಿಕೊಂಡು ಅಂಗಳಕ್ಕೆ ಓಡಿದ. ನಾನು ಬೀಡಿ ಹಿಡಿದೆ, ಅವನು ಲೆನ್ಸು ಹಿಡಿದ. ಎಷ್ಟು ಹೊತ್ತಾದರೂ ಬೀಡಿ ಹೊತ್ತಲಿಲ್ಲ. “ಕಿಂಡಿ ಮುಚ್ಚ್ಯಾದಲೇ ತಮ್ಮಾ,” ಅಂದು ಪೂರ್ತಿ ತೆರೆದ. ಬೆಳಕು ಸಾಸಿವೆ ಕಾಳಿನಷ್ಟಾಯಿತು. “ಅಲ್ಲಾಡಬ್ಯಾಡ, ಅಲ್ಲಾಡಬ್ಯಾಡ. ನೋಡಲ್ಲಿ, ಸೂರ್ಯಾನ್ನ ಹಿಡದೀನಿ!” ಬೀಡಿ ಹೊತ್ತಿತು, ನನ್ನ ಬೆರಳೂ ಸುಟ್ಟಿತು. ಅಪ್ಪ ಬಂದು ಹೊಡೆಯುವಾಗ ಅಣ್ಣ ನನ್ನ ಪಾಲಿನ ಏಟನ್ನೂ ತಾನೇ...

ಕ್ಷಮಿಸಿ.

ಒಂದು ನಿಮಿಷ. ಇಲ್ಲ, ನೀರು ಬೇಡ.

ನನ್ನ ಜೇಬಿನಲ್ಲಿ ಒಂದು ವಸ್ತು ಕೈಗೆ ಸಿಕ್ಕಿತು. ಇದು ಟಾಕುಮಾರಿನ ಮುಚ್ಚಳ. ಬೆಳಿಗ್ಗೆ ಸಂಘದವರು ಹೇಳಿದ್ದಕ್ಕಿಂತ ಮುಂಚೆಯೇ ಜೀಪು ಕಳಿಸಿದರು, ನಾನು ಅವಸರದಲ್ಲಿ ಇಳಿದು ಬಂದೆ. ಮುಚ್ಚಳ ಇಲ್ಲಿದೆ. ಲೆನ್ಸು ಅಲ್ಲಿದೆ. ಈಗ ಬಿಸಿಲು ನೆತ್ತಿಯ ಮೇಲಿದೆ.

ಗಾಬರಿಯಾಗುವಂಥದ್ದೇನಿಲ್ಲ. ಇಟ್ಟಿಗೆಗಳ ನಡುವೆ ಬರೀ ಸಿಮೆಂಟು. ಸಿಮೆಂಟಿಗೆ ಸೂರ್ಯ ಏನು ಮಾಡಿಯಾನು? ಹಾಂ, ಮುಂದಿನ ಲೆನ್ಸಿಗೆ ಬರೋಣ. ಜರ್ಮನಿಯಲ್ಲಿ ಮಾಡಿದ ಒಂದು ಲೆನ್ಸು, ಪೂರ್ತಿ ತೆರೆದರೆ ಹಿಂದಿನ ದೀಪಗಳೆಲ್ಲ ಸೋಪಿನ ಗುಳ್ಳೆಗಳಂತೆ ತೇಲುತ್ತವೆ. ಬಹಳ ಸೊಗಸು. ಬಹಳ... ನಾನು ಜೀಪು ಹತ್ತುವಾಗ ನಮ್ಮ ಅತ್ತಿಗೆ ಮಾಳಿಗೆಯ ಮೇಲಿನಿಂದ ಕೂಗುತ್ತಿದ್ದರು. “ಗಾದಿ ಎಲ್ಲಾ ಮ್ಯಾಲ ತರ್ರೇ! ರಾತ್ರಿ ಬೀಗರು ಬರ್ತಾರ, ವಾಸನಿ ಹೋಗ್ಲಿ. ಜಾಗಾ ಸಾಲದಿದ್ರ ಗ್ವಾಡಿ ಮ್ಯಾಲ ಹಾಕ್ರಿ!”

ಗೋಡೆಯ ಮೇಲೆ. ಹತ್ತಿ ತುಂಬಿದ ಗಾದಿ ಹಾಸಿಗೆ. ಒಂದು ಅಂಚು ಆ ಇಟ್ಟಿಗೆಗಳ ನಡುವೆ ನುಗ್ಗಿದರೂ ಸಾಕು.

ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದೀರಿ, ಕೇಳಿಸಿತು ಸಾಹೇಬರೇ. ಇಲ್ಲಿಂದ ಜೀಪು ಓಡಿಸಿದರೂ ರಂಗಂಪೇಟೆ ಮುಟ್ಟುವ ಹೊತ್ತಿಗೆ ಆಗುವುದು ಆಗಿರುತ್ತದೆ. ನಮ್ಮ ಮನೆಗೆ ಬೀಗ. ಓಣಿಯವರೆಲ್ಲ ಅಣ್ಣನ ಅಂಗಳದಲ್ಲಿ ಅರಿಶಿಣದ ಕಾರ್ಯಕ್ಕೆ ಸೇರಿರುತ್ತಾರೆ, ಹಲಗೆ ಬಾರಿಸುವ ಸದ್ದಿನಲ್ಲಿ ಯಾರ ಫೋನೂ ಯಾರಿಗೂ ಕೇಳುವುದಿಲ್ಲ. ರೇಣಮ್ಮ ಆಗಿನಿಂದ ಕಲ್ಪನಾಳಿಗೆ ಫೋನು ಹಚ್ಚುತ್ತಿದ್ದಾಳೆ. ತಲೆ ಅಲ್ಲಾಡಿಸುತ್ತಿದ್ದಾಳೆ. ಅರಿಶಿಣ ಹಚ್ಚಿಸಿಕೊಳ್ಳುತ್ತಿರುವ ಹುಡುಗಿಯ ಕೈಗೆ ಫೋನು ಕೊಡುವವರು ಯಾರು?

ಉಳಿದವನು ಅಣ್ಣ. ಮದುವೆಯ ಯಜಮಾನ, ಫೋನು ಅಂಗಿಯ ಜೇಬಿನಲ್ಲೇ ಇರುತ್ತದೆ. ನೋಡಿ, ನಿಮ್ಮೆದುರಿಗೇ ಹಚ್ಚುತ್ತಿದ್ದೇನೆ. ರಿಂಗ್ ಆಗುತ್ತಿದೆ... ಆಗುತ್ತಿದೆ... ಕಟ್ ಮಾಡಿದ.

ಇನ್ನೊಮ್ಮೆ. ಕಟ್.

ರೇಣಮ್ಮನ ಫೋನಿನಿಂದ? ಅದೂ ಕಟ್.

ಸಭಿಕರೇ, ಅರ್ಥ ಮಾಡಿಕೊಳ್ಳಿ. ಅಲ್ಲಿ ಬೆಂಕಿ ಹತ್ತಿದರೆ ಅದು ಗಾದಿಗೆ ಮಾತ್ರ ಹತ್ತುವುದಿಲ್ಲ. ಕೆಳಗೆ ಅಂಗಳದ ತುಂಬ ಜನ, ಅವರ ತಲೆಯ ಮೇಲೆ ಹಂದರ, ಹಂದರದ ಕೆಳಗೆ ಮಣೆಯ ಮೇಲೆ ಆ ಹುಡುಗಿ. ಪಾಲಿನ ಲೆನ್ಸಿನಿಂದ ತಮ್ಮನೇ ಮನೆಗೆ ಕೊಳ್ಳಿ ಇಟ್ಟ ಎಂದು ಅಣ್ಣ ಸಾಯುವ ತನಕ ನಂಬುತ್ತಾನೆ. ನಂಬದಿರಲು ಅವನಿಗೆ ಕಾರಣವೇನಿದೆ? ಈ ಹತ್ತು ವರ್ಷದಲ್ಲಿ ನಾನು ಅವನೊಂದಿಗೆ ಒಂದು ಮಾತಾದರೂ ಆಡಿದ್ದರೆ ತಾನೇ.

ನಿಮ್ಮ ಸಹಾಯ ಕೇಳಬೇಕೋ ಬೇಡವೋ ಎಂದು ಇಷ್ಟು ಹೊತ್ತು ನಾನು ಸೋಪಿನ ಗುಳ್ಳೆಯ ಹಿಂದೆ ಅಡಗಿದ್ದೆ. ಸಂಘದ ಎದುರು, ಮೈಕಿನಲ್ಲಿ, ಅಣ್ಣ ನನ್ನ ಫೋನು ಎತ್ತುವುದಿಲ್ಲ ಎಂದು ಹೇಳಿಕೊಳ್ಳುವುದು ಯಾರಿಗೆ ಬೇಕಿತ್ತು? ಆದರೆ ಮದುವೆ ಮನೆಯ ಯಜಮಾನ ಈ ದಿನ ಗೊತ್ತಿಲ್ಲದ ನಂಬರು ಬಂದರೆ ಎತ್ತಿಯೇ ಎತ್ತುತ್ತಾನೆ. ಅಡುಗೆಯವನಿರಬಹುದು, ಬ್ಯಾಂಡಿನವನಿರಬಹುದು. ಗೊತ್ತಿರುವ ನನ್ನ ನಂಬರು ಮಾತ್ರ ಎತ್ತುವುದಿಲ್ಲ.

ಆದ್ದರಿಂದ, ಇಷ್ಟು ತಾಳ್ಮೆಯಿಂದ ಕೇಳಿದ ನಿಮಗೆ, ಕರೆದ ಸಂಘಕ್ಕೆ, ಗಂಟೆ ಕೆಳಗಿಟ್ಟ ಅಧ್ಯಕ್ಷರಿಗೆ ನನ್ನ ವಂದನೆಗಳು, ನಮಸ್ಕಾರ. ಒಂದೇ ಒಂದು ಉಪಕಾರ ಆಗಬೇಕು. ಮುಂದಿನ ಸಾಲಿನವರು ಯಾರಾದರೂ ನಿಮ್ಮ ಫೋನು ತೆಗೆಯಿರಿ. ನಮ್ಮಣ್ಣನಿಗೆ ಹಚ್ಚಿ, ಮಾಳಿಗೆಗೆ ಓಡಿ ಗೋಡೆಯ ಮೇಲಿನ ಗಾದಿ ಎಳೆಯಲು ಹೇಳಿ. ಟಾಕುಮಾರ್ ಒಡೆದರೂ ಸರಿ, ಅದರ ಮೇಲೆ ಕೊಡ ನೀರು ಸುರಿದರೂ ಸರಿ. ಯಾರು ಹೇಳಿದರೆಂದು ಕೇಳಿದರೆ ಸಂಘದವರು ಅನ್ನಬೇಡಿ, “ನಿಮ್ಮ ತಮ್ಮ ಶಾಂತಕುಮಾರ ಹೇಳ್ಯಾನ್ರಿ” ಅನ್ನಿ. ಬೈದರೆ ನನ್ನ ಪರವಾಗಿ ಬೈಸಿಕೊಳ್ಳಿ, ಆದರೆ ಅವನು ಮೆಟ್ಟಿಲು ಹತ್ತುವ ಸದ್ದು ಕೇಳುವ ತನಕ ಫೋನು ಇಡಬೇಡಿ. ನಂಬರು ಹೇಳುತ್ತೇನೆ, ಒತ್ತುತ್ತಾ ಹೋಗಿ. ಚೀಟಿ ಹುಡುಕಬೇಕಿಲ್ಲ, ನನಗೆ ಬಾಯಿಪಾಠ ಇದೆ.